ತವರುಮನೆ ಖಾಲಿ ಮಾಡಿಸಿದ ಖರ್ಚು

ಮನೆ ಕಟ್ಟಿಸಲು ಎಷ್ಟು ಖರ್ಚಾಗುತ್ತದೆ ಎಂದು ಯಾರನ್ನು ಕೇಳಿದರೂ ಹೇಳುತ್ತಾರೆ. ಸಿಮೆಂಟಿನ ರೇಟು, ಗೌಂಡಿಯ ಪಗಾರ, ಎಲ್ಲ ಬಾಯಿಪಾಠ. ಮನೆ ಖಾಲಿ ಮಾಡಿಸಲು ಎಷ್ಟಾಗುತ್ತದೆ ಎಂದು ಮಾತ್ರ ಯಾರೂ ಹೇಳುವುದಿಲ್ಲ. ನನಗಂತೂ ಹೇಳಲಿಲ್ಲ. ಹೇಳಿದ್ದರೆ ನಾನು ಕೇಳುತ್ತಿದ್ದೆನೇ ಎನ್ನುವುದು ಬೇರೆ ಮಾತು.

ನಾನು ಪ್ರಮಿಳಾ. ಖಾನಾಪುರದಲ್ಲಿ ನಮ್ಮದೊಂದು ಬೀಜ-ಗೊಬ್ಬರದ ಅಂಗಡಿಯಿದೆ. ನಾನೂ ನನ್ನ ಗಂಡ ರಾಮಲಿಂಗನೂ ನಡೆಸುತ್ತೇವೆ. ಬೀಡಿ, ಪಾರಿಶ್ವಾಡದ ಕಡೆಯ ರೈತರೊಂದಿಗೆ ದಿನವಿಡೀ ಬಾಯಿ ಮಾಡಿ ಮಾಡಿ ನನ್ನ ದನಿ ದೊಡ್ಡದಾಗಿದೆ. ಸಿಟ್ಟು ಮೊದಲಿನಿಂದಲೂ ದೊಡ್ಡದೇ. ಅಂಗಡಿಯ ಹಿಂದೆಯೇ ಮನೆ. ಮೇ ತಿಂಗಳ ಕೊನೆ ಬಂತೆಂದರೆ ಭತ್ತದ ಬೀಜದ ಚೀಲಗಳು ಪಡಸಾಲೆ ದಾಟಿ ಮಲಗುವ ಖೋಲಿಗೂ ಬರುತ್ತವೆ, ನಾವು ಚೀಲಗಳ ನಡುವೆ ಸಂದಿ ಹುಡುಕಿ ಮಲಗುತ್ತೇವೆ. ಅಂಥ ಹೊತ್ತಿನಲ್ಲೇ ಬೆಳಗಾವಿಯ ಶಹಾಪುರದಿಂದ ಬಾಳಾಸಾಹೇಬರ ಫೋನು ಬಂತು. ಅವರು ನಮ್ಮವ್ವ ಇದ್ದ ಬಾಡಿಗೆ ಮನೆಯ ಮಾಲಕರು, ಅದರ ಮಾಳಿಗೆಯ ಮೇಲೇ ಇರುವವರು.

"ಪ್ರಮಿಳಾಬಾಯಿ, ನಮ್ಮ ರೋಹನಂದು ಲಗ್ನ ಗೊತ್ತಾಗೇತ್ರಿ. ಸೋಮವಾರ ಪೇಂಟರ್ ಬರತಾನ. ರವಿವಾರ ಮನಿ ರಿಕಾಮಿ ಮಾಡಿ ಕೀಲಿ ಕೊಟ್ಟಬಿಡ್ರಿ."

ಅವ್ವ, ಪದ್ಮವ್ವ, ಹೋಳಿಯ ಮುಂಚೆ ತೀರಿಕೊಂಡಿದ್ದಳು. ಅಪ್ಪ ಹೋಗಿ ಬಹಳ ವರ್ಷಗಳಾಗಿದ್ದವು. ಆ ಮನೆಯಲ್ಲೇ ನಾನು ಹುಟ್ಟಿದ್ದು, ಅದರ ಮುಂದೆಯೇ ನನ್ನ ಮದುವೆಯ ಹಂದರ ಹಾಕಿದ್ದು. ನನಗೆ ಅಣ್ಣತಮ್ಮ, ಅಕ್ಕತಂಗಿ ಯಾರೂ ಇಲ್ಲ. ಅಣ್ಣತಮ್ಮಂದಿರಿದ್ದವರಿಗೆ ತಾಯಿ ಹೋದರೂ ತವರು ಉಳಿಯುತ್ತದೆ. ನನಗೆ ಆ ಬಾಡಿಗೆ ಗೋಡೆಗಳೇ ತವರು. ಕೀಲಿ ಕೊಟ್ಟೆನೆಂದರೆ "ತವರಿಗೆ ಹೋಗಿ ಬರ್ತೀನಿ" ಅನ್ನಲು ನನಗೆ ಊರಿಲ್ಲ, ಓಣಿಯಿಲ್ಲ, ಬಾಗಿಲಿಲ್ಲ. ಇದು ನನಗೆ ಗೊತ್ತಿರಲಿಲ್ಲವೆಂದು ತಿಳಿಯಬೇಡಿ. ಚೆನ್ನಾಗಿ ಗೊತ್ತಿತ್ತು. ಅದಕ್ಕೇ ಲಗೂ ಲಗೂ ಮುಗಿಸಿ ಕೈ ತೊಳೆದುಕೊಳ್ಳಬೇಕು ಅನ್ನಿಸಿತ್ತು. ಹಲ್ಲು ಕೀಳಿಸುವಾಗ ಯಾರಾದರೂ ನಿಧಾನ ಮಾಡಿರಿ ಅನ್ನುತ್ತಾರೆಯೇ?

ಶನಿವಾರ ಬೆಳಿಗ್ಗೆ ನಾನು ಬಸ್ ಹತ್ತುವಾಗ ರಾಮಲಿಂಗ ಅಂಗಡಿಯಿಂದಲೇ ಕೂಗಿದ, "ಒಂದ ಚಮಚಾ ಸೈತ ತರಬ್ಯಾಡ ನೋಡ. ಬೀಜ ಇಡಾಕ ಜಾಗಾ ಇಲ್ಲ ಇಲ್ಲಿ."

"ಏನೂ ತರಾಂಗಿಲ್ಲ, ಹೋಗೋ ಮಾರಾಯಾ" ಎಂದು ನಾನೂ ಕೂಗಿ ಹೇಳಿದೆ. ಆ ಮಾತನ್ನಂತೂ ಅಕ್ಷರಶಃ ನಡೆಸಿಕೊಟ್ಟೆ.

ಬಾಗಿಲು ತೆಗೆದು ನೋಡುತ್ತೇನೆ, ಎರಡು ಖೋಲಿ, ಒಂದು ಅಡುಗೆಮನೆ, ಮೇಲೊಂದು ಅಟ್ಟ. ಅಷ್ಟರಲ್ಲಿ ಇಡೀ ಒಂದು ಸಂತೆ. ಲಗ್ನ, ಕುಬಸ, ತೊಟ್ಟಿಲು ಅಂತ ಹೋದಲ್ಲೆಲ್ಲ ಆಯೇರಿ ಎಂದು ಉಡುಗೊರೆ ಬಂದ ಸ್ಟೀಲಿನ ಡಬ್ಬಿ, ತಾಟು, ಬುಟ್ಟಿ, ಒಂದೊಂದರ ಮೇಲೂ ಕೊಟ್ಟವರ ಹೆಸರು ಕೊರೆದದ್ದು. ಟ್ರಂಕಿನ ತುಂಬ ಮಡಿಕೆ ಬಿಚ್ಚದ ಕುಪ್ಪಸದ ಖಣ, ಟವೆಲ್ಲು. ಅವ್ವ ಹೊಸದನ್ನು ಮುಟ್ಟಿದವಳಲ್ಲ. ಅಂಚು ಬಾಗಿದ ಒಂದೇ ತಾಟಿನಲ್ಲಿ ಉಂಡು ಹೋದಳು. ಇಟ್ಟು ಇಟ್ಟು ಯಾರಿಗಾಗಿ ಇಟ್ಟೆ ಯವ್ವಾ ಎಂದು ಗೋಡೆಯ ಮೇಲಿನ ಅವಳ ಫೋಟೋಕ್ಕೇ ಬೈದೆ. ನನಗಾಗಿ ಇಟ್ಟಿದ್ದಳು ಎನ್ನುವುದು ಇಬ್ಬರಿಗೂ ಗೊತ್ತು.

ಯಾರೋ ಹೇಳಿದರೆಂದು ಟಿಳಕವಾಡಿಯ ಒಂದು ಕಂಪನಿಗೆ ಫೋನು ಹಚ್ಚಿದ್ದೆ. ಮನೆ ಖಾಲಿ ಮಾಡಿಕೊಡುವುದೇ ಅವರ ದಂಧೆ. ಚೇತನ ಎಂಬ ಮನುಷ್ಯ ಬಂದ. ಮೊಬೈಲು ಮುಂದೆ ಹಿಡಿದುಕೊಂಡು ಖೋಲಿ, ಅಟ್ಟ, ಮೋರಿ ಎಲ್ಲ ವಿಡಿಯೋ ಮಾಡಿಕೊಂಡ. ಎಷ್ಟು ಕೊಡುತ್ತಾನೋ, ಎಷ್ಟಕ್ಕೆ ಎಳೆಯಬೇಕೋ ಎಂದು ನಾನು ಮನಸ್ಸಿನಲ್ಲೇ ತಯಾರಾಗಿ ನಿಂತಿದ್ದೆ.

"ಹದಿನೆಂಟು ಸಾವಿರ ಆಗತೈತ್ರಿ ಮೇಡಮ್."

"ಬರೇ ಹದಿನೆಂಟ? ತಾಮ್ರದ ಹಂಡೆ ನೋಡಿದಿಲ್ಲೋ? ತಿಜೋರಿ ನೋಡು, ಹಳೇ ಕಾಲದ ಪತ್ರಾ ಅದು, ಗುಂಡ ಹೊಡದ್ರೂ ತೂತ ಬೀಳಾಂಗಿಲ್ಲ."

"ನಾವು ಕೊಡೂದಲ್ರಿ ಮೇಡಮ್. ನೀವು ಕೊಡೂದು."

ನಾನು ಅವನ ಮುಖವನ್ನೇ ನೋಡಿದೆ. ಚೇಷ್ಟೆ ಮಾಡುತ್ತಿದ್ದಾನೆ ಅಂದುಕೊಂಡೆ. ಇಲ್ಲ.

"ಏನಂದಿ? ನಮ್ಮ ಸಾಮಾನು ನೀ ಹೊತ್ಕೊಂಡು ಹೋಗೂದು, ಮ್ಯಾಲ ನಿನಗ ನಾನ ರೊಕ್ಕ ಕೊಡೂದು? ಕೊಟ್ಟವ ಕೋಡಂಗಿ, ಇಸ್ಕೊಂಡವ ಈರಭದ್ರ ಅಂದಂಗಾತಲ್ಲೋ ಇದು!"

ಅವನೇನೂ ಬೇಸರ ಮಾಡಿಕೊಳ್ಳಲಿಲ್ಲ. ದಿನಾ ಇದೇ ಬೈಗಳು ತಿಂದು ಗಟ್ಟಿಯಾಗಿದ್ದ ಎಂದು ಕಾಣುತ್ತದೆ. "ಮಾರೂದು ಬ್ಯಾರೆ, ಖಾಲಿ ಮಾಡೂದು ಬ್ಯಾರೆ ರೀ. ಹಂಡೆ ಯಾರರ ತಗೋತಾರ. ಆ ಗಾದಿ ಯಾರ ತಗೋತಾರ ಹೇಳ್ರಿ, ತೀರಕೊಂಡವರ ಗಾದಿ? ತಿಜೋರಿ ಬಾಗಲದಾಗ ಹಿಡ್ಯಾಂಗಿಲ್ಲ, ಕಟರ್ ಹಚ್ಚಿ ಕೊಯ್ಯಬೇಕು. ಹಮಾಲರ ಪಗಾರ, ಟೆಂಪೋ, ಯಾರಿಗೂ ಬ್ಯಾಡಾದ್ದನ್ನ ಒಗದ ಬರೋ ಖರ್ಚು. ಮಾರಾಕ ಬರೋ ಸಾಮಾನಿನ ಕಿಮ್ಮತ್ತು ಕಳದ ಹದಿನೆಂಟು ಹೇಳೇನಿ."

"ಹಂಗಾದ್ರ ನಿನ್ನ ಹದಿನೆಂಟು ಸಾವಿರದ ಮಾತು ನಿನ್ನ ಕಿಸೇದಾಗ ಇಟ್ಕೊ. ನನಗೂ ಎರಡು ಕೈ ಅದಾವು."

ಚೇತನ ತನ್ನ ನಂಬರು ಬರೆದ ಚೀಟಿಯನ್ನು ಕಿಟಕಿಯ ಮೇಲಿಟ್ಟು ಹೋದ. ಬೇಕಾದೀತು ಅನ್ನುವ ಹಾಗೆ ಇಟ್ಟು ಹೋದ, ಅದೂ ನನ್ನ ಹೊಟ್ಟೆ ಉರಿಸಿತು.

ಹಳೇ ಸಾಮಾನು ಕೊಳ್ಳುವ ಭಂಗಾರದವನನ್ನು ಕರೆದೆ. ಅವನು ಹಂಡೆ, ಹಿತ್ತಾಳೆ ಕೊಡ, ಫ್ಯಾನು ಇಷ್ಟನ್ನು ಮಾತ್ರ ತೂಗಿಕೊಂಡು ಸೈಕಲ್ ಗಾಡಿ ತಿರುಗಿಸಿದ. "ಉಳದದ್ದು?" ಎಂದರೆ, "ಅದೆಲ್ಲಾ ಕಚರಾ ಐತಿ ಬಾಯೀ" ಎಂದ. ಮಹಾನಗರಪಾಲಿಕೆಯ ಕಸದ ಗಾಡಿಯವನು ಗಾದಿ ನೋಡಿ ಗಾಡಿ ನಿಲ್ಲಿಸದೆ ಹಾಡು ಹಚ್ಚಿಕೊಂಡು ಹೊರಟೇ ಹೋದ. ಬಿಸಿಲು ಏರುತ್ತಿತ್ತು. ನನ್ನ ತಲೆಯೂ.

ಆಗ ನನಗೊಂದು ಭಾರೀ ಶಾಣ್ಯಾತನ ಹೊಳೆಯಿತು. ಓಣಿಯ ಮಂದಿಗೇ ಹಂಚಿಬಿಟ್ಟರೆ? ನೈಟಿಯ ಮೇಲೊಂದು ಟವೆಲ್ ಹಾಕಿಕೊಂಡು ಕಟ್ಟೆಯ ಮೇಲೆ ನಿಂತು, ಅಂಗಡಿಯಲ್ಲಿ ಕೂಗುವ ದನಿಯಲ್ಲೇ ಕೂಗಿದೆ. "ಯಾರಿಗೆ ಏನ ಬೇಕ ಅದನ್ನ ಒಯ್ಯಿರಿ! ಪುಕ್ಕಟ ಐತಿ!"

ಯಾರೂ ಬರಲಿಲ್ಲ. ಬಾಜು ಮನೆಯ ನೀಲಾ ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತುವುದನ್ನು ನಿಲ್ಲಿಸಿ ಬಾಗಿಲಿಗೆ ಬಂದು ನಿಂತಳು. "ಪದ್ಮವ್ವಾಯಿ ಮನ್ಯಾಗಿಂದು ತಾವಾಗೇ ಎತ್ಕೊಂಡು ಹೋಗೂದ ಹೆಂಗವಾ? ನೀ ಕೊಟ್ರ ಬ್ಯಾರೆ" ಎಂದಳು. ಅಷ್ಟೇ ತಾನೇ? ಕೊಟ್ಟೆ. ಅವಳ ಕೈಗೆ ಮಿಕ್ಸರು, ಡಬ್ಬಿಗಳ ಸಾಲು. ಎದುರುಮನೆಯ ಕಾಂತಾಬಾಯಿಗೆ ಇಡ್ಲಿ ಪಾತ್ರೆ, ಟ್ರಂಕಿನಿಂದ ಒಂದು ಹಸಿರು ಖಣ. ಆಚೆಮನೆಯವರಿಗೆ ಮಂಚ, ಅದರಾಚೆಯವರಿಗೆ ಕುರ್ಚಿ. ಬೇಡ ಅಂದವರಿಗೂ ಮನೆಗೆ ಹೋಗಿ ಕೊಟ್ಟು ಬಂದೆ. ಮಧ್ಯಾಹ್ನದ ಹೊತ್ತಿಗೆ ಅಡುಗೆಮನೆಯ ಹಲಗೆಗಳು ಬರಿದಾಗಿದ್ದವು.

ಒಬ್ಬಳು ಮಾತ್ರ ಏನೂ ತೆಗೆದುಕೊಳ್ಳಲಿಲ್ಲ, ಮೂಲೆಮನೆಯ ಗಂಗಾದೇವಿ. ನನಗೆ ಅವಳು ಗಂಗಾಕಾಕು. ಅವ್ವನ ಜೀವದ ಗೆಳತಿ. ಅವ್ವನ ಕೊನೆಯ ದಿನಗಳಲ್ಲಿ ಅವಳ ಬಾಯಿಗೆ ಗಂಜಿ ಹಾಕಿದವಳೂ ಅವಳೇ, ನಾನು ಅಂಗಡಿ ಬಿಟ್ಟು ಬರುವುದರೊಳಗೆ. ಹೊಸ ಕುಕ್ಕರು ಒಯ್ದು ಮುಂದೆ ಹಿಡಿದರೆ, "ನನಗ್ಯಾಕವಾ? ನಾವಿಬ್ಬರು ಮುದಕಾ ಮುದಕಿ" ಎಂದು ಗಂಡ ಕಲ್ಲಯ್ಯಕಾಕಾನ ಕಡೆ ಕೈ ತೋರಿಸಿದಳು. "ನಾಳೆ ಹೋಗೂಕಿಂತ ಮೊದಲ ನನಗ ಹೇಳು, ಅಷ್ಟ."

ಆಗಲಿ ಎಂದು ಬಂದೆ. ಗೋಡೆಗೊರಗಿ ಕೂತು ಗಂಡನಿಗೆ ಫೋನು ಮಾಡಿ ಜಂಬ ಕೊಚ್ಚಿಕೊಂಡೆ. "ಹದಿನೆಂಟು ಸಾವಿರ ಉಳಿಸೇನಿ ನೋಡ."

ಒಂದು ಮಾತು ಮರೆತಿದ್ದೆ. ಹುಟ್ಟಿದಾಗಿನಿಂದ ಗೊತ್ತಿದ್ದ ಮಾತು. ನಮ್ಮ ಕಡೆ ಯಾರೂ ಪಾತ್ರೆಯನ್ನು ಖಾಲಿ ತಿರುಗಿಸಿ ಕೊಡುವುದಿಲ್ಲ. ತವರಿನಿಂದ ಹೊರಟ ಮಗಳನ್ನು ಬರಿ ಉಡಿಯಲ್ಲಿ, ಮಡಿಲಿಗೆ ಅಕ್ಕಿ-ಕಾಯಿ ಹಾಕದೆ, ಕಳಿಸುವುದಿಲ್ಲ. ನಾನು ಒಂದೇ ಮುಂಜಾನೆ ಇಡೀ ಓಣಿಗೆ ಪಾತ್ರೆಯನ್ನೂ ಕೊಟ್ಟಿದ್ದೆ, ಹೊರಟೆನೆಂದೂ ಸಾರಿದ್ದೆ.

ಬಿಸಿಲು ಇಳಿಯುವ ಹೊತ್ತಿಗೆ ಶುರುವಾಯಿತು. ಮೊದಲು ನೀಲಾ ಬಂದಳು. ತಾಟಿನಲ್ಲಿ ಅಕ್ಕಿ, ತೆಂಗಿನಕಾಯಿ, ಎಲಿ-ಅಡಿಕಿ, ಮೇಲೊಂದು ಖಣ. ಇನ್ನೊಂದು ಕೈಯಲ್ಲಿ ಬೆಳಿಗ್ಗೆ ನಾನೇ ಕೊಟ್ಟ ಡಬ್ಬಿ, ತುಂಬ ಶೇಂಗಾ ಚಟ್ನಿ. "ಖಾಲಿ ಡಬ್ಬಿ ಹೆಂಗ ಇಟ್ಕೊಳ್ಳಿ? ಸೆರಗ ಹಿಡಿ, ಉಡಿ ತುಂಬತೇನಿ" ಎಂದಳು.

"ನೈಟಿಗೆ ಸೆರಗ ಎಲ್ಲಿಂದ ತರಲಿ ನೀಲಾ? ಕೈಯೆಲ್ಲ ಧೂಳು. ಅಲ್ಲೇ ಅಡಗಿಮನಿ ಕಟ್ಟಿ ಮ್ಯಾಲ ಇಟ್ಟ ಹೋಗು" ಎಂದೆ.

ಅವಳು ಒಂದು ಕ್ಷಣ ನಿಂತಳು. ಇಟ್ಟು ಹೋದಳು. ಖಣ ನೋಡಿದರೆ ಹಸಿರು! ಬೆಳಿಗ್ಗೆ ಕಾಂತಾಬಾಯಿಗೆ ಕೊಟ್ಟದ್ದೇ. ಎದುರುಮನೆಯಿಂದ ಬಾಜು ಮನೆಗೆ ಹೋಗಿ, ಸಂಜೆಯೊಳಗೆ ಓಣಿ ಸುತ್ತಿ ನನ್ನ ಅಡುಗೆಮನೆಗೇ ವಾಪಸು ಬಂದಿತ್ತು. ಹಿಂದೆಯೇ ಕಾಂತಾಬಾಯಿ, "ಪ್ರಮಿಳಾತಾಯಿ, ಓಟಿ ತುಂಬಾಕ ಬಂದೇನಿ" ಎನ್ನುತ್ತ ಸೀರೆ, ಅಕ್ಕಿ, ಅರಿಷಿಣ-ಕುಂಕುಮದೊಂದಿಗೆ. ಅವಳಿಗೂ ಅದೇ ಮಾತು, ಅಲ್ಲೇ ಇಟ್ಟು ಹೋಗ್ರಿ. ಮಂಚ ಒಯ್ದವರು ಜೋಳದ ಕಟಕ ರೊಟ್ಟಿಯ ಗಂಟು ತಂದರು. ಕುರ್ಚಿ ಒಯ್ದವರು ಹೊಸ ಸ್ಟೀಲ್ ಬುಟ್ಟಿಯನ್ನೇ ತಂದರು, ಮೇಲೆ ಹೆಸರು ಬೇರೆ ಕೊರೆಸಿ! ಒಬ್ಬರಂತೂ ಕುಂಬಳಕಾಯಿ. ಶಹಾಪುರದ ಓಣಿಯಲ್ಲಿ ಅಷ್ಟು ದೊಡ್ಡ ಕುಂಬಳಕಾಯಿ ಎಲ್ಲಿ ಬೆಳೆಯುತ್ತದೋ ಶಿವನೇ ಬಲ್ಲ.

ಬೇಡ ಅಂದರೆ ಕೇಳುವವರಾರು? "ತವರಿಂದ ಬರಿಗೈಲೆ ಹೋಗಬಾರ್ದವಾ" ಎಲ್ಲರದ್ದೂ ಅದೇ ಹಾಡು. ತವರು, ತವರು, ತವರು. ಆ ಮಾತು ಕೇಳದೆ ಮುಗಿಸಬೇಕೆಂದೇ ನಾನು ಎರಡು ದಿನದ ಅವಸರ ಮಾಡಿಕೊಂಡು ಬಂದದ್ದು. ಬರುವವರೆಲ್ಲ ಅದನ್ನೇ ತಂದು ಕಿವಿಯಲ್ಲಿ ಸುರಿದರೆ ಸಿಟ್ಟು ಬರದೆ ಏನು ಬಂದೀತು? ಅಳು ಬರುತ್ತಿತ್ತು. ಅಳಲು ಪುರುಸೊತ್ತಿರಲಿಲ್ಲ, ಅದಕ್ಕೇ ಸಿಟ್ಟು ಬಂತು.

ದೀಪ ಹಚ್ಚುವ ಹೊತ್ತಿಗೆ ಬಾಳಾಸಾಹೇಬರು ಬಂದು ಬಾಗಿಲಲ್ಲಿ ನಿಂತರು. ತಿಜೋರಿ ಅಲ್ಲೇ, ಗಾದಿ ಅಲ್ಲೇ, ಒಡೆದ ಕಪಾಟು ಅಲ್ಲೇ. ಯಾರಿಗೂ ಬೇಡವಾದದ್ದೆಲ್ಲ ಇದ್ದಲ್ಲೇ ಇತ್ತು. ಮಧ್ಯಾಹ್ನ ಬರಿದಾಗಿದ್ದ ಅಡುಗೆಮನೆಯ ಕಟ್ಟೆ ಈಗ ತುಂಬಿ ತುಳುಕುತ್ತಿತ್ತು.

"ಪ್ರಮಿಳಾಬಾಯಿ, ಮನಿ ಖಾಲಿ ಮಾಡಾಕತ್ತೀರೋ, ತುಂಬಾಕತ್ತೀರೋ?"

"ನಿಮ್ಮ ಓಣಿ ಮಂದೀನ್ನ ಕೇಳ್ರಿ!" ಎಂದೆ.

"ನಂದಲ್ರಿ, ನಿಮ್ಮ ಓಣಿ ಮಂದಿ" ಎಂದು ಅವರು ನಕ್ಕರು. "ನೋಡ್ರಿ, ಲಗ್ನದ ಮನಿ. ನಾಳೆ ಸಂಜೀಕ ಕೀಲಿ."

ಕಿಟಕಿಯ ಮೇಲಿನ ಚೀಟಿ ತೆಗೆದು ಚೇತನನಿಗೆ ಫೋನು ಹಚ್ಚಿದೆ. ರವಿವಾರ, ಅರ್ಜಂಟು, ಹಮಾಲರು ಸಿಗುವುದಿಲ್ಲ ಎಂದು ಇಪ್ಪತ್ತು ಹೇಳಿದ. ಒಳ್ಳೆಯ ಸಾಮಾನೆಲ್ಲ ನಾನೇ ಹಂಚಿಬಿಟ್ಟಿದ್ದೆನಲ್ಲ, ಇನ್ನೂ ಹೆಚ್ಚು ಹೇಳಬಹುದಿತ್ತು. ಕೈಲಾಗದವನು ಮೈಯೆಲ್ಲ ಪರಚಿಕೊಂಡ ಅಂತಾರಲ್ಲ, ಹಾಗಾಗಿತ್ತು ನನ್ನ ಗತಿ. ಹ್ಞೂಂ ಎಂದೆ. ಗಂಗಾಕಾಕು ಊಟಕ್ಕೆ ಕರೆಯಲು ಬಂದಳು. ಹಸಿವಿಲ್ಲ ಎಂದು ಹೇಳಿ ಅವ್ವನ ಗಾದಿಯ ಮೇಲೆ ಬಿದ್ದುಕೊಂಡೆ. ಹಸಿವಿತ್ತು.

ಮರುದಿನ ಬೆಳಿಗ್ಗೆ ಚೇತನ ತನ್ನ ಮಂದಿಯನ್ನು ಕರೆದುಕೊಂಡು ಬಂದ. ಕಟರಿನ ಕೂಗು, ತಗಡಿನ ಕಿಡಿ, ಧೂಳು. ತಿಜೋರಿಯನ್ನು ನಾಲ್ಕು ತುಂಡು ಮಾಡಿದರು. ಅವ್ವ ಸೀರೆಯ ಮಡಿಕೆಗಳ ನಡುವೆ ಇಡುತ್ತಿದ್ದ ಡಾಂಬರು ಗುಳಿಗೆಗಳು ನೆಲದ ಮೇಲೆ ಉರುಳಿದವು. ಗಾದಿ ಹೋಯಿತು, ಟ್ರಂಕು ಹೋಯಿತು. ನಾನು ನಡುಮನೆಯಲ್ಲಿ ನಿಂತು, "ಅದು ಒಯ್ಯಿರಿ, ಇದು ಒಯ್ಯಿರಿ, ಕೇಳಬ್ಯಾಡ್ರಿ, ಎಲ್ಲಾ ಒಯ್ಯಿರಿ" ಎಂದು ಕೂಗುತ್ತಿದ್ದೆ. ಒಬ್ಬ ಹಮಾಲ ಅಡುಗೆಮನೆಯಿಂದ ಹೊರಬಂದು ತಲೆ ಕೆರೆದುಕೊಂಡ.

"ಬಾಯೀ, ಕಟ್ಟಿ ಮ್ಯಾಲಿಂದು ಉಡಿ ಅಕ್ಕಿ ಇದ್ದಂಗ ಐತ್ರಿ. ನಾವು ಒಗ್ಯಾಂಗಿಲ್ಲ."

"ಒಗೀಬ್ಯಾಡ್ರಿ. ನಿಮ್ಮ ಮನೀಗೆ ಒಯ್ದು ಉಣ್ರಿ. ನನ್ನ ಕಣ್ಣ ಮುಂದಿಂದ ತಗೀರಿ, ಸಾಕು."

ಅವರು ಹಂಚಿಕೊಂಡರು. ಸೀರೆ, ಖಣ, ಕುಂಬಳಕಾಯಿ, ಎಲ್ಲ. ಚೇತನ ನನ್ನ ಮುಖ ನೋಡಿದ.

ಅದೇ ಹೊತ್ತಿಗೆ ಬರಬೇಕೇ ಗಂಗಾಕಾಕು? ಇಳಕಲ್ ಸೀರೆ ಉಟ್ಟು, ತಲೆಯ ಮೇಲೆ ಸೆರಗು ಹೊದ್ದು, ಮೊರದ ತುಂಬ ಅಕ್ಕಿ, ಐದು ಅಡಿಕಿ, ಅರಿಷಿಣದ ಕೊಂಬು, ಉತ್ತತ್ತಿ, ಬೆಲ್ಲ, ತೆಂಗಿನಕಾಯಿ, ಖಣ ಜೋಡಿಸಿಕೊಂಡು. ಕಂಕುಳಲ್ಲಿ ಕೂರಲು ಒಂದು ಮಣೆ. ಹಮಾಲರ ಕಾಲುಗಳ ನಡುವೆ ಜಾಗ ಮಾಡಿಕೊಂಡು ಮಣೆ ಹಾಕಿದಳು.

"ಕುಂದರವಾ. ನಿನ್ನಿ ಎಲ್ಲಾರ ಕೈಲೆ ಕಟ್ಟಿ ಮ್ಯಾಲ ಇಡಿಸಿದಿ ಅಂತಲ್ಲ? ಉಡಿ ಅಂದ್ರ ಇಟ್ಟ ಹೋಗೂದಲ್ಲ. ನಿಮ್ಮವ್ವ ಇದ್ದಿದ್ರ ಹಿಂಗ ಮಾಡತಿದ್ದೇನ? ಮೈ ತೊಳ್ಕೊಂಡು ಸೀರಿ ಉಟ್ಕೊಂಡು ಬಾ, ನಾ ಕುಂದರತೇನಿ. ತವರಮನಿಯಿಂದ—"

ಆ ಮಾತು ಕೇಳಿದ್ದೇ ತಡ, ಕೂಗಿಬಿಟ್ಟೆ.

"ಸಾಕ ಮಾಡ್ರಿ ಕಾಕು! ಎಲ್ಲೈತಿ ತವರಮನಿ? ಹೊರಗ ಟೆಂಪೋದಾಗ ಐತಿ ನೋಡ್ರಿ, ನಾಲ್ಕ ತುಂಡಾಗಿ! ನಿನ್ನಿಯಿಂದ ತಂದ ತಂದ ಒಟ್ಟಾಕತ್ತೀರಿ ಎಲ್ಲಾರೂ. ಇದನ್ನ ಎತ್ತಿಸಾಕ ನಾನ ರೊಕ್ಕ ಕೊಡಾಕತ್ತೇನಿ. ನನಗ ಬ್ಯಾಡ ನಿಮ್ಮ ಈ ಕಸಾ!"

ಕಟರು ಅಷ್ಟರಲ್ಲೇ ನಿಂತಿತ್ತು. ನನ್ನ ದನಿ ಇಡೀ ಓಣಿಗೆ ಕೇಳಿತು. ನೀಲಾಳ ಮನೆಯ ಕಂಡಿಕೆ ಸುತ್ತುವ ಸದ್ದೂ ನಿಂತಿತು.

ಗಂಗಾಕಾಕು ಬಗ್ಗಿ ಮಣೆ ಎತ್ತಿಕೊಂಡಳು. ಮೊರದ ಮೇಲೆ ತನ್ನ ಸೆರಗು ಮುಚ್ಚಿದಳು, ಧೂಳು ಬೀಳದ ಹಾಗೆ. ಹಮಾಲರು ದಾರಿ ಬಿಟ್ಟರು. ಅವಳು ಹೊಸ್ತಿಲು ದಾಟಿ ಹೋಗುವುದನ್ನು ನಾನು ಬೆನ್ನ ಹಿಂದಿನಿಂದ ನೋಡಿದೆ. ಕರೆಯಬೇಕಿತ್ತು. ಕರೆಯಲಿಲ್ಲ. ಸಿಟ್ಟಿನಲ್ಲಿ ಕೊಯ್ದ ಮೂಗು ಸಂತಾಪದಲ್ಲಿ ಬಂದೀತೇ ಎಂದು ಅವ್ವ ನನಗೆ ಎಷ್ಟು ಸಲ ಹೇಳಿದ್ದಳೋ. ಹೇಳಿಸಿಕೊಂಡದ್ದಷ್ಟೇ ಬಂತು.

ಆಮೇಲೆ ಕೆಲಸ ಸುಲಭವಾಗಿ ಆಯಿತು. ಯಾರೂ ಅಡ್ಡ ಬರಲಿಲ್ಲ, ಯಾರೂ ತಾಟು ತರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಮನೆಯಲ್ಲಿ ಮೊಳೆಗಳ ಗುರುತು ಬಿಟ್ಟರೆ ಏನೂ ಇರಲಿಲ್ಲ. ನಾನೇ ಕಸ ಹೊಡೆದೆ, ಬಚ್ಚಲ ಮೋರಿಯಲ್ಲಿ ಮೈ ತೊಳೆದುಕೊಂಡು ಸೀರೆ ಉಟ್ಟೆ. ಮೊಬೈಲಿನಿಂದ ಚೇತನನಿಗೆ ಇಪ್ಪತ್ತು ಸಾವಿರ ಹಾಕಿದೆ.

"ನೋಡ್ರಿ ಮೇಡಮ್, ಪೂರಾ ಕ್ಲಿಯರ್" ಎಂದು ಅವನು ಬರಿ ಖೋಲಿಗಳನ್ನು ವಿಡಿಯೋ ಮಾಡಿಕೊಂಡ. "ರೇಟು ಜಾಸ್ತಿ ಅನಸ್ತೇನ್ರಿ?"

"ಇಲ್ಲಪ್ಪ. ನಿಂದು ಬರೋಬರಿ ಐತಿ" ಎಂದೆ. ಅವನದು ಸರಿಯೇ ಇತ್ತು. ಹೆಚ್ಚಿನದು ನಾನು ಬೇರೆ ಕಡೆ ತೆತ್ತಿದ್ದೆ. ಅದು ಅವನ ರೇಟಿನಲ್ಲಿ ಬರುವಂಥದ್ದಾಗಿರಲಿಲ್ಲ.

ಬಾಳಾಸಾಹೇಬರಿಗೆ ಕೀಲಿ ಕೊಟ್ಟೆ. ಅವರು ಬೀಗ ಹಾಕಿ, ಎಳೆದು ನೋಡಿ, ಲಗ್ನಕ್ಕೆ ಬರ್ರಿ ಎಂದು ಹೇಳಿ ಮಾಳಿಗೆ ಹತ್ತಿದರು. ಓಣಿಯಲ್ಲಿ ನಾನೊಬ್ಬಳೇ ನಿಂತಿದ್ದೆ. ಕೈಯಲ್ಲಿ ಒಂದು ಬಟ್ಟೆಯ ಚೀಲ.

ನೀರಡಿಕೆಯಾಗಿತ್ತು. ನನ್ನ ನೀರಿನ ಬಾಟಲಿಯೂ ಟೆಂಪೋದ ಕಸದೊಂದಿಗೆ ಹೋಗಿತ್ತು. ಒಳಗೆ ಹೋಗಿ ಒಂದು ತಂಬಿಗೆ ನೀರು ಕುಡಿಯೋಣವೆಂದು ತಿರುಗಿದೆ, ಬಾಗಿಲಿಗೆ ಬೀಗ. ಈ ಓಣಿಯಲ್ಲಿ ಹುಟ್ಟಿ ಬೆಳೆದ ನನಗೆ ನೀರಿಗಾಗಿ ಯಾರ ಬಾಗಿಲು ಬಡಿಯಲಿ ಎಂದು ಯೋಚಿಸಬೇಕಾಗಿ ಬಂದದ್ದು ಅದೇ ಮೊದಲು. ನೀಲಾಳ ಬಾಗಿಲು ಮುಚ್ಚಿತ್ತು. ಕಾಂತಾಬಾಯಿಯ ಬಾಗಿಲೂ. ಬಿಸಿಲಿಗೆ ಮುಚ್ಚಿದ್ದಾರೆ ಎಂದು ನನಗೆ ನಾನೇ ಹೇಳಿಕೊಂಡೆ. ನಿನ್ನೆ ಇದೇ ಬಿಸಿಲಿಗೆ ಎಲ್ಲ ತೆರೆದಿದ್ದವು.

ಹೋಗಲಿ, ಬಸ್ ಸ್ಟ್ಯಾಂಡಿನಲ್ಲಿ ಬಾಟಲಿ ಕೊಂಡರಾಯಿತು ಎಂದು ಚೌಕದವರೆಗೆ ಹೋದೆ. ಆಟೋದವನು ಗಾಡಿ ನಿಲ್ಲಿಸಿ, "ಎಲ್ಲಿಗ್ರಿ?" ಎಂದ. ಖಾನಾಪುರದ ಬಸ್ಸಿಗೆ ಎಂದು ಹೇಳಲು ಬಾಯಿ ತೆರೆದೆ. ಯಾರಾದರೂ ಬಸ್ಸಿನಲ್ಲಿ, ಬಾಯೀ ಎಲ್ಲಿಗೆ ಹೋಗಿದ್ದಿರಿ ಎಂದು ಕೇಳಿದರೆ ಏನು ಹೇಳಲಿ? ತವರಿಗೆ ಹೋಗಿದ್ದೆ ಎನ್ನಲೇ? ಬರಿ ಉಡಿಯಲ್ಲಿ? ಅದೂ ತುಂಬಲು ಬಂದವರನ್ನು ಬೈದು ಕಳಿಸಿ?

"ಎಲ್ಲಿಗೂ ಇಲ್ಲ, ಹೋಗಪಾ" ಎಂದು ಆಟೋದವನ ಮೇಲೂ ಹರಿಹಾಯ್ದು ಹಿಂದಿರುಗಿದೆ.

ಮೂಲೆಮನೆಯ ಬಾಗಿಲು ಬಡಿದೆ. ಗಂಗಾಕಾಕು ಬಾಗಿಲು ತೆರೆದು ನನ್ನ ಮುಖ ನೋಡಿದಳು, ಚೀಲ ನೋಡಿದಳು. ಬಾ ಎನ್ನಲಿಲ್ಲ.

"ನೀರ ಕೊಡ್ರಿ ಕಾಕು."

ತಂಬಿಗೆ ತಂದುಕೊಟ್ಟಳು. ಬಾಗಿಲಲ್ಲೇ ನಿಂತು ಗಟಗಟ ಕುಡಿದೆ. ಅರ್ಧ ನೀರು ಸೀರೆಯ ಮೇಲೆ ಚೆಲ್ಲಿತು.

"ತಪ್ಪಾತ್ರಿ ಕಾಕು."

"ಏನ ತಪ್ಪಾತು?"

ಬಿಡುವವಳಲ್ಲ ಅವಳು. "ಕಸಾ ಅಂದ್ನೆಲ್ಲಾ, ಅದು."

"ಅಂದದ್ದಷ್ಟ ಅಲ್ಲ. ಒಂದ ಕಾಳು ಅಕ್ಕಿ ನೆಲಕ್ಕ ಬಿದ್ರ ಕಣ್ಣಿಗೆ ಒತ್ಕೊಂಡು ಆರಸ್ಕೋತಿದ್ಲು ನಿಮ್ಮವ್ವ. ಅಕಿ ಹೊಟ್ಟಿಲೆ ಹುಟ್ಟಿದಾಕಿ ಉಡಿ ಅಕ್ಕಿಗೆ ಕಸಾ ಅಂದಿ. ಊರ ಮಂದಿ ಕೇಳಂಗ ಅಂದಿ. ನೀಲಾ ಅತ್ತಾಳ, ಗೊತ್ತೇನ? ಮಿಕ್ಸರ್ ಹೊಳ್ಳಿ ಕೊಟ್ಟಬರ್ಲಿ ಏನ ಕಾಕು ಅಂತ ನನ್ನ ಮುಂದ ಬಂದ ಅತ್ತಾಳ."

ನಾನು ತಲೆ ತಗ್ಗಿಸಿ ನಿಂತೆ. ಬೈಸಿಕೊಳ್ಳುವುದು ಹಿತವಾಗಿತ್ತು, ಅವ್ವ ಹೋದ ಮೇಲೆ ನನ್ನನ್ನು ಯಾರೂ ಹಾಗೆ ಬೈದಿರಲಿಲ್ಲ. ಹಿಂದೆಮುಂದೆ ವಿಚಾರ ಮಾಡದೆ ಎರಡೂ ಕೈಯಲ್ಲಿ ಸೆರಗು ಹಿಡಿದು ಮುಂದೆ ಚಾಚಿದೆ. ಉಡಿಯನ್ನು ಯಾರೂ ಕೇಳಿ ತುಂಬಿಸಿಕೊಳ್ಳುವುದಿಲ್ಲ. ಭಿಕ್ಷೆಗೆ ಮಾತ್ರ ಹಾಗೆ ಸೆರಗೊಡ್ಡುತ್ತಾರೆ. ಒಡ್ಡಿದೆ.

"ಈಗ ತುಂಬ್ರಿ ಕಾಕು."

"ಎಲ್ಲಿಂದ ತುಂಬಲಿ? ಆ ಅಕ್ಕಿ ಒಲಿ ಮ್ಯಾಲ ಐತಿ" ಎಂದಳು. "ಒಲ್ಲೆ ಅಂದ ಉಡಿ ಅಕ್ಕಿ ಹೊಳ್ಳಿ ಡಬ್ಬಿಗೆ ಹಾಕಲಿಕ್ಕೆ ಮನಸ ಬರಲಿಲ್ಲ. ಅನ್ನಕ್ಕ ಇಟ್ಟೇನಿ. ಒಳಗ ಬಾ, ಉಣ್ಣು."

"ಬ್ಯಾರೆ ಅಕ್ಕಿ ಇಲ್ಲೇನ್ರಿ ಮನ್ಯಾಗ?"

"ಚೀಲ ತುಂಬ ಐತಿ. ಆದ್ರ ತುಂಬಾಂಗಿಲ್ಲ."

ಚಾಚಿದ ಸೆರಗು ಕೈಯಿಂದ ಜಾರಿತು. ಅಷ್ಟು ಸಿಟ್ಟೇನ್ರಿ ಎಂದು ಕೇಳಬೇಕೆಂದುಕೊಂಡೆ. ಕೇಳುವುದರೊಳಗೆ ಕಾಕು ನನ್ನ ರಟ್ಟೆ ಹಿಡಿದು ಒಳಗೆಳೆದು ಕೂರಿಸಿ ತಾಟು ಇಟ್ಟಳು. ಅನ್ನದ ಮುದ್ದೆಯನ್ನು ಕುಕ್ಕಿದ ಹಾಗೆ ಬಡಿಸಿದಳು. ಉತ್ತತ್ತಿ, ಬೆಲ್ಲ, ಉಡಿಯ ಕಾಯಿ ಒಡೆದ ಚೂರು, ಎಲ್ಲ ಅದೇ ತಾಟಿನ ಅಂಚಿಗೆ ಬಂದು ಬಿದ್ದವು. ನಾನು ಅಳುತ್ತ ಕಲಸಿದೆ.

"ಇವತ್ತ ಉಡಿ ತುಂಬಿದ್ನಿ ಅಂದ್ರ ನೀ ಬಸ್ ಹತ್ತಿ ಹೋಗತಿ, ಮುಗೀತು" ಎಂದಳು ಕಾಕು, ಸಾರಿನ ಬೋಗುಣಿ ಹಿಡಿದುಕೊಂಡು. "ಹೊಳ್ಳಿ ಈ ಓಣ್ಯಾಗ ಕಾಲ ಇಡಾಂಗಿಲ್ಲ ನೀ. ನಿನ್ನ ಸ್ವಭಾವ ನಾ ಕಾಣೆನ? ನಾಗರ ಪಂಚಮಿಗೆ ಬಾ. ಅವಾಗ ತುಂಬತೇನಿ."

"ಪಂಚಮಿ ಮುಂದ ಯೂರಿಯಾದ ಗದ್ದಲ ಇರತೈತ್ರಿ ಕಾಕು. ಅಂಗಡಿ ಬಿಟ್ಟ ಬರಾಕ—"

"ಪಂಚಮಿಗೆ ತವರಮನಿಗೆ ಬರಾಕ ಪುರಸೊತ್ತಿಲ್ಲ ಅಂತಿದ್ರ ಬಿಡವಾ" ಎಂದು ಕಾಕು ಅನ್ನದ ಮೇಲೆ ಸಾರು ಸುರಿದಳು. "ಉಂಡ ಮ್ಯಾಲ ಮೊದಲ ನೀಲಾನ ಮನಿಗೆ ಹೋಗಿ ಬಾ."

ಪಂಚಮಿಗೆ ಬರತೇನ್ರಿ ಎಂದೆ. ಬಾಯಿ ತುಂಬ ಅನ್ನವಿತ್ತು, ಮಾತು ಸರಿಯಾಗಿ ಹೊರಡಲಿಲ್ಲ. "ಏನಂದಿ?" ಎಂದು ಕಾಕು ಗದರಿದಳು, ಅನ್ನ ನುಂಗಿಸಿ ಇನ್ನೊಮ್ಮೆ ಹೇಳಿಸಿದಳು.